ನಗರಸಭೆಯ ತಿಂಗಳ ಸಭೆ: ಒಂದು ವಿಷಯವನ್ನು ಕೊನೆ ಮುಟ್ಟಿಸುವ ಬಗೆ

ಪುರಸಭೆಗೆ ಮೊದಲ ಸಲ ಆಯ್ಕೆಯಾಗಿ ಬಂದ ವರ್ಷ, ನಮ್ಮ ವಾರ್ಡಿನ ಕೊನೆಯ ಅಡ್ಡರಸ್ತೆಯ ಚರಂಡಿಯ ಬಗ್ಗೆ ನಾನು ಸಾಮಾನ್ಯ ಸಭೆಯಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ಮಾತನಾಡಿದ್ದೆ. ಜೋರು ಮಳೆ ಬಂದಾಗಲೆಲ್ಲ ನೀರು ಮನೆಯೊಳಗೆ ನುಗ್ಗಿ ಅಕ್ಕಿ ಚೀಲವನ್ನು ಮಂಚದ ಮೇಲೆ ಎತ್ತಿಡಬೇಕಾಗಿದ್ದ ನಾಲ್ಕು ಕುಟುಂಬಗಳ ಕಷ್ಟವನ್ನು ವಿವರಿಸಿದಾಗ ಸಭೆ ಮೌನವಾಗಿ ಕೇಳಿತು, ಅಧ್ಯಕ್ಷರು ತಲೆದೂಗಿದರು, ಎಂಜಿನಿಯರ್ ಏನೋ ಬರೆದುಕೊಂಡರು. ಮುಂದಿನ ತಿಂಗಳು ಕೈಗೆ ಬಂದ ನಡವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ, ಆ ಕಾಲು ಗಂಟೆಯ ಮಾತು ಒಂದೇ ಸಾಲಾಗಿತ್ತು: "ಚರಂಡಿ ಸಮಸ್ಯೆ ಬಗ್ಗೆ ಸದಸ್ಯರು ಪ್ರಸ್ತಾಪಿಸಿದ್ದು, ಪರಿಶೀಲಿಸಲು ಸೂಚಿಸಲಾಯಿತು." ಯಾರು ಪರಿಶೀಲಿಸಬೇಕು, ಎಷ್ಟು ದಿನದೊಳಗೆ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ (ಬಜೆಟ್ಟಿನ ಯಾವ ಬಾಬ್ತಿನಿಂದ) ಎಂಬುದು ಒಂದೂ ಅದರಲ್ಲಿ ಇರಲಿಲ್ಲ. ಆ ಒಂದು ಸಾಲಿನ ಹಿಂದೆ ಹನ್ನೊಂದು ತಿಂಗಳು ಕಳೆದವು, ಅಷ್ಟರಲ್ಲಿ ಇನ್ನೊಂದು ಮಳೆಗಾಲವೂ ಬಂದು ಹೋಯಿತು.

ಸಭೆಯಲ್ಲಿ ಆಡಿದ ಮಾತು ಸಭಾಂಗಣದ ಬಾಗಿಲು ದಾಟುವುದಿಲ್ಲ, ದಾಟುವುದು ನಡವಳಿಯಲ್ಲಿ ಬರೆದದ್ದು ಮಾತ್ರ ಎಂಬುದನ್ನು ನಾನು ಕಲಿತದ್ದು ಹೀಗೆ. ಮೊದಲ ಸಲ ಸದಸ್ಯರಾಗಿ ಬಂದವರಿಗೂ ತಮ್ಮ ಊರಿನ ಸಭೆಯ ಮೇಲೆ ಕಣ್ಣಿಡಬೇಕೆನ್ನುವ ನಾಗರಿಕರಿಗೂ ಉಪಯೋಗವಾಗಲೆಂದು, ಒಂದು ವಿಷಯವನ್ನು ಅರ್ಜಿಯಿಂದ ಆರಂಭಿಸಿ ಕಾಮಗಾರಿ ಮುಗಿಯುವವರೆಗೆ ಹಿಡಿದು ನಡೆಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸಭೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಬೆಂಗಳೂರನ್ನು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಪ್ರತ್ಯೇಕ ಕಾಯ್ದೆ ಇದ್ದು, ಅದಕ್ಕಿಂತ ಸಣ್ಣ ಊರುಗಳು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಕೆಳಗೆ ನಡೆಯುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಜನಸಂಖ್ಯೆ 10 ಸಾವಿರದಿಂದ 20 ಸಾವಿರದವರೆಗೆ ಇದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ. ಸಾಗರ, ಶಿರಸಿ, ಪುತ್ತೂರು ನಗರಸಭೆಗಳಲ್ಲಿ 31 ವಾರ್ಡುಗಳಿವೆ. ಉಡುಪಿ, ಚಿಕ್ಕಮಗಳೂರು ನಗರಸಭೆಗಳಲ್ಲಿ 35. ಚುನಾಯಿತ ಸದಸ್ಯರ ಜೊತೆಗೆ ಕ್ಷೇತ್ರದ ಶಾಸಕರೂ ಸಂಸದರೂ ಮತಾಧಿಕಾರವುಳ್ಳ ಸದಸ್ಯರಾಗಿರುತ್ತಾರೆ. ಸರ್ಕಾರ ನೇಮಿಸುವ ನಾಮನಿರ್ದೇಶಿತ ಸದಸ್ಯರು ಚರ್ಚೆಯಲ್ಲಿ ಭಾಗವಹಿಸಬಹುದಾದರೂ ಅವರಿಗೆ ಮತವಿಲ್ಲ. ಅಧ್ಯಕ್ಷರು ಸಭೆ ನಡೆಸುತ್ತಾರೆ, ಆದರೆ ಕಡತ ನಡೆಸುವವರು ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ. ಹೊಸ ಸದಸ್ಯರು ಅಧ್ಯಕ್ಷರ ಕೊಠಡಿಗೆ ಹೋಗಿ ಬಂದಷ್ಟು ಸಲ ಕಚೇರಿ ವ್ಯವಸ್ಥಾಪಕರ ಮೇಜಿನ ಬಳಿಗೂ ಹೋಗುವ ರೂಢಿ ಇಟ್ಟುಕೊಂಡರೆ ಅರ್ಧ ಕೆಲಸ ಸಲೀಸಾಗುತ್ತದೆ.

ವಿಷಯವೊಂದನ್ನು ಸಭೆಗೆ ತರುವುದು ಬಾಯಿಮಾತಿನಿಂದಲ್ಲ, ಪತ್ರದಿಂದ. ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು; ಸಭಾ ಸೂಚನಾ ಪತ್ರವೂ ಕಾರ್ಯಸೂಚಿಯೂ ಸಭೆಗೆ ಕೆಲವು ದಿನ ಮುಂಚೆಯೇ ಸದಸ್ಯರ ಮನೆ ತಲುಪುತ್ತವೆ. ಕಾರ್ಯಸೂಚಿ ಅಚ್ಚಾದ ಮೇಲೆ ಓಡಾಡುವುದಕ್ಕಿಂತ, ಹಿಂದಿನ ಸಭೆ ಮುಗಿದ ವಾರದಲ್ಲೇ ಪತ್ರ ಕೊಡುವುದು ಜಾಣತನ. ಪತ್ರವನ್ನು ಎರಡು ಪ್ರತಿ ಮಾಡಿ ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆಯನ್ನು ಹಾಕಿಸಿಕೊಳ್ಳಬೇಕು. ಕೈಯಲ್ಲಿ ಆ ಮೊಹರಿನ ಪ್ರತಿ ಇಲ್ಲದಿದ್ದರೆ ಪತ್ರ ಕೊಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ.

ಪತ್ರದ ಒಕ್ಕಣೆಯಲ್ಲೇ ವಿಷಯದ ಹಣೆಬರಹ ಅಡಗಿರುತ್ತದೆ. "ನಮ್ಮ ವಾರ್ಡಿನಲ್ಲಿ ಚರಂಡಿ ಸರಿಯಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ" ಎಂದು ಬರೆದರೆ ಉತ್ತರವೂ ಅಷ್ಟೇ ಸಡಿಲವಾಗಿ ಬರುತ್ತದೆ. ನನ್ನ ಎರಡನೆಯ ಪತ್ರವನ್ನು ಬರೆಯುವ ಮುನ್ನ ನಾನು ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಟೇಪು ಹಿಡಿದು ಅಳೆದೆ. ಆಮೇಲೆ ಬರೆದದ್ದು ಹೀಗೆ: "ವಾರ್ಡಿನ ಐದನೇ ಅಡ್ಡರಸ್ತೆಯ ಎಡಬದಿಯಲ್ಲಿ, ಸಾರ್ವಜನಿಕ ನಲ್ಲಿಯಿಂದ ಮೋರಿಯವರೆಗೆ ಸುಮಾರು 85 ಮೀಟರ್ ಉದ್ದಕ್ಕೆ ಚರಂಡಿಯ ಕಲ್ಲು ಕುಸಿದಿರುತ್ತದೆ. ಮೋರಿಯ ಬಾಯಿ ರಸ್ತೆಗಿಂತ ಮೇಲಿರುವುದರಿಂದ ನೀರು ಹಿಂದಕ್ಕೆ ತಿರುಗಿ ನಾಲ್ಕು ಮನೆಗಳಿಗೆ ನುಗ್ಗುತ್ತಿದೆ. ಮೋರಿಯನ್ನು ತಗ್ಗಿಸಿ ಚರಂಡಿಯನ್ನು ಕಾಂಕ್ರೀಟಿನಿಂದ ಕಟ್ಟಲು ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಾಮಾನ್ಯ ಸಭೆಯ ಮುಂದೆ ಮಂಡಿಸಬೇಕಾಗಿ ಕೋರುತ್ತೇನೆ." ಜಾಗ, ಅಳತೆ, ಕಾರಣ, ಕೇಳಿಕೆ ಇವಿಷ್ಟು ಇದ್ದರೆ ಕಿರಿಯ ಎಂಜಿನಿಯರ್ ಸ್ಥಳಕ್ಕೆ ಹೋಗದೆ ಟಿಪ್ಪಣಿ ಬರೆಯುವುದು ಕಷ್ಟವಾಗುತ್ತದೆ. ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳನ್ನೂ ನಾಲ್ಕು ಮನೆಯವರ ಸಹಿಯನ್ನೂ ಲಗತ್ತಿಸಿದ್ದೆ.

ಕಾರ್ಯಸೂಚಿ ಕೈಗೆ ಬಂದ ದಿನವೇ ಅದನ್ನು ಪೂರ್ತಿ ಓದಬೇಕು. ಸಭಾಂಗಣದಲ್ಲಿ ಕುಳಿತು ಓದಲು ಆರಂಭಿಸಿದರೆ ನಾಲ್ಕನೇ ವಿಷಯಕ್ಕೆ ಬರುವಷ್ಟರಲ್ಲಿ ಸಭೆ ಹದಿನಾಲ್ಕನೇ ವಿಷಯಕ್ಕೆ ತಲುಪಿರುತ್ತದೆ. ಮೊದಲ ವಿಷಯ ಸಾಮಾನ್ಯವಾಗಿ ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ಬಹುತೇಕ ಕಡೆ ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಆದರೆ ನನ್ನ ಅನುಭವದಲ್ಲಿ ಇಡೀ ಸಭೆಯ ಅತಿ ಮುಖ್ಯ ಅರ್ಧ ನಿಮಿಷ ಅದೇ. ನಿಮ್ಮ ಮಾತು ತಪ್ಪಾಗಿ ದಾಖಲಾಗಿದ್ದರೆ, ತೀರ್ಮಾನದ ಪದ ಬದಲಾಗಿದ್ದರೆ, ಚರ್ಚೆಗೇ ಬಾರದ ವಿಷಯ ಮಂಜೂರಾಗಿದೆ ಎಂದು ಬರೆದಿದ್ದರೆ ಎದ್ದು ನಿಂತು ಹೇಳಬೇಕಾದದ್ದು ಆಗಲೇ. ದೃಢೀಕರಣ ಆದ ಮೇಲೆ ಆ ನಡವಳಿಯೇ ಸತ್ಯವಾಗಿ ನಿಲ್ಲುತ್ತದೆ.

ಎರಡನೆಯದಾಗಿ ಬರುವುದು ತಿಂಗಳ ಜಮಾ-ಖರ್ಚು. ಅಂಕಿಗಳ ಆ ಹಾಳೆಗಳನ್ನು ನೋಡಿ ಹೆದರುವ ಅಗತ್ಯವಿಲ್ಲ. ಜಮಾ ಕಡೆಯಲ್ಲಿ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಸಂತೆ ಸುಂಕ ಇವುಗಳನ್ನು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಬೇಕು. ಹಿಂದಿನ ತಿಂಗಳಿನೊಂದಿಗೆ ಹೋಲಿಸಿದರೆ ದಾರಿ ತಪ್ಪುತ್ತದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇದ್ದು, ಜುಲೈನಿಂದ ತಿಂಗಳಿಗೆ ಶೇ. 2 ದಂಡ ಬೀಳುವುದರಿಂದ ವರ್ಷದ ವಸೂಲಿ ಮೊದಲ ತಿಂಗಳುಗಳಲ್ಲಿ ಏರಿ ಆಮೇಲೆ ಇಳಿಯುವುದು ಸಹಜ. ಇದರ ಜೊತೆಗೆ ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ತೋರಿಸುವ ಡಿ.ಸಿ.ಬಿ. ತಖ್ತೆಯನ್ನು ಕೇಳಿ ಪಡೆಯಬೇಕು. ಬರಬೇಕಾದ ಹಣವೆಷ್ಟು ಎಂಬುದು ತಿಳಿಯದೆ ಬಂದ ಹಣವನ್ನು ನೋಡಿ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ. ಮಳಿಗೆ ಬಾಡಿಗೆಯ ಬಾಕಿಯ ಮೇಲೆ ವಿಶೇಷವಾಗಿ ಕಣ್ಣಿಡಬೇಕು: ಬಸ್ ನಿಲ್ದಾಣದ ಪಕ್ಕದ ಮಳಿಗೆಗಳು ಊರಿನ ಅತ್ಯಂತ ಬೆಲೆಬಾಳುವ ಜಾಗಗಳಾಗಿದ್ದೂ ಬಾಡಿಗೆಯ ಬಾಕಿ ಬೆಳೆಯುತ್ತಿದ್ದರೆ, ಆ ಹೊರೆಯನ್ನು ಸರಿಯಾಗಿ ತೆರಿಗೆ ಕಟ್ಟುವ ಮನೆಯವರು ಹೊರುತ್ತಿದ್ದಾರೆ ಎಂದೇ ಅರ್ಥ.

ಖರ್ಚಿನ ಕಡೆಯಲ್ಲಿ ಹೊರಗುತ್ತಿಗೆ ಸಿಬ್ಬಂದಿಯ ವೇತನ, ನೀರೆತ್ತುವ ಪಂಪುಗಳ ವಿದ್ಯುತ್ ಬಿಲ್ಲು, ಕಸದ ವಾಹನಗಳ ಡೀಸೆಲ್, ಆಲಂ ಮತ್ತು ಬ್ಲೀಚಿಂಗ್ ಪುಡಿ, ಬೀದಿ ದೀಪದ ಸಾಮಗ್ರಿ, ಕೊಳವೆ ಬಾವಿ ಮೋಟಾರ್ ದುರಸ್ತಿ ಇವು ಪ್ರತಿ ತಿಂಗಳೂ ಬರುತ್ತವೆ. ಇವುಗಳ ನಡುವೆ "ಘಟನೋತ್ತರ ಮಂಜೂರಾತಿ" ಎಂಬ ಪದ ಕಂಡಲ್ಲಿ ನಿಲ್ಲಬೇಕು. ಖರ್ಚು ಆಗಲೇ ಆಗಿಹೋಗಿದೆ, ಈಗ ಒಪ್ಪಿಗೆ ಕೊಡಿ ಎಂಬುದು ಅದರ ತಾತ್ಪರ್ಯ. ಬೇಸಿಗೆಯಲ್ಲಿ ಮೋಟಾರ್ ಸುಟ್ಟುಹೋದರೆ ಸಭೆ ಸೇರುವವರೆಗೆ ಊರಿಗೆ ನೀರು ಬಿಡದೆ ಕಾಯಲಾಗದು, ಆದ್ದರಿಂದ ಈ ಪದ್ಧತಿಯೇ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದೇ ಮೋಟಾರಿನ ದುರಸ್ತಿ ಮೂರು ತಿಂಗಳು ಸತತವಾಗಿ ಬಂದರೆ, ಅಥವಾ ಮೊದಲೇ ಗೊತ್ತಿದ್ದ ಖರೀದಿಯನ್ನು ತುರ್ತು ಎಂದು ಬರೆದಿದ್ದರೆ, ಆ ಕಡತವನ್ನೇ ಸಭೆಗೆ ತರಿಸಿ ಎಂದು ಕೇಳುವ ಹಕ್ಕು ಸದಸ್ಯರಿಗಿದೆ.

ಹಾಗೆಯೇ ಕಾರ್ಯಸೂಚಿಯ ಕೊನೆಯಲ್ಲಿ ಬರುವ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು. ಊಟದ ಹೊತ್ತು ಮೀರಿ, ಅರ್ಧ ಸದಸ್ಯರು ಎದ್ದು ಹೋದ ಮೇಲೆ ಟಿಪ್ಪಣಿಯೇ ಇಲ್ಲದ ವಿಷಯಗಳು ಈ ಬಾಗಿಲಿನಿಂದ ಒಳಬರುವುದುಂಟು. ಸಭೆಯ ಕೊನೆಯವರೆಗೂ ಕುಳಿತಿರಿ; ಸ್ಥಿರಾಸ್ತಿಯ ಗುತ್ತಿಗೆ, ಮಳಿಗೆ ಹಂಚಿಕೆ, ಬಡಾವಣೆಯ ಉದ್ಯಾನದ ಜಾಗ ಇಂಥವು ಹೀಗೆ ಬಂದರೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಟಿಪ್ಪಣಿ ಸಮೇತ ತರಲು ಒತ್ತಾಯಿಸಿ. ಪುರಸಭೆಗಳ ಅಧಿನಿಯಮದ 72ನೇ ಪ್ರಕರಣ (ಸೆಕ್ಷನ್) ಗುತ್ತಿಗೆ, ಮಾರಾಟಗಳ ವಿಷಯದಲ್ಲಿ ಸಭೆಯ ಅಧಿಕಾರಕ್ಕೆ ಮಿತಿ ಹಾಕಿದೆ. ಆ ಮಿತಿಯನ್ನು ತಿಳಿಯದೆ ಕೈ ಎತ್ತಿದವರು ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತು.

ಕಾಮಗಾರಿ ಕೇಳುವವರು ಹಣದ ಮೂಲವನ್ನೂ ಹೇಳಬೇಕು. ಸಣ್ಣ ನಗರದ ಖಜಾನೆಯಲ್ಲಿ ಎಲ್ಲ ಹಣವೂ ಒಂದೇ ಚೀಲದಲ್ಲಿ ಇರುವುದಿಲ್ಲ. ತೆರಿಗೆ, ಬಾಡಿಗೆಗಳಿಂದ ಬರುವ ನಗರಸಭೆ ನಿಧಿ ಒಂದು. ರಾಜ್ಯ ಹಣಕಾಸು ಆಯೋಗದ ಅನುದಾನ ಇನ್ನೊಂದು. ಕೇಂದ್ರ ಹಣಕಾಸು ಆಯೋಗದ ಅನುದಾನ ಮತ್ತೊಂದು, ಅದರಲ್ಲೂ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟ ಪಾಲನ್ನು ಬೇರೆಡೆ ತಿರುಗಿಸುವಂತಿಲ್ಲ. ರಾಜ್ಯದ ನಗರೋತ್ಥಾನ, ಕೇಂದ್ರದ ಅಮೃತ್‌ನಂಥ ನಗರಾಭಿವೃದ್ಧಿ ಯೋಜನೆಗಳಿಗೆ ಅವುಗಳದೇ ಮಾರ್ಗಸೂಚಿ ಇದೆ. ನಗರಸಭೆ ನಿಧಿಯಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 24.10, ಇತರೆ ಬಡವರ್ಗದವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಮೀಸಲಿಡಬೇಕು. ಈ ಮೂರು ಅಂಕಿಗಳನ್ನು ಪ್ರತಿಯೊಬ್ಬ ಸದಸ್ಯರೂ ಬಾಯಿಪಾಠ ಮಾಡಿಕೊಂಡಿರಬೇಕೆಂಬುದು ನನ್ನ ಅಭಿಪ್ರಾಯ. ಮಾರ್ಚ್ ತಿಂಗಳು ಸಮೀಪಿಸಿದಾಗ ಈ ಮೊತ್ತ ಖರ್ಚಾಗದೆ ಉಳಿದಿರುವುದು ಬೆಳಕಿಗೆ ಬರುತ್ತದೆ. ಒಬ್ಬ ವಿದ್ಯಾರ್ಥಿಯ ಶುಲ್ಕವೋ, ಒಬ್ಬ ಅಂಗವಿಕಲರ ತ್ರಿಚಕ್ರ ವಾಹನವೋ ಆಗಬೇಕಿದ್ದ ಹಣವದು. ಇದನ್ನು ಫೆಬ್ರವರಿಯಲ್ಲಿ ಕೇಳುವುದಕ್ಕಿಂತ ಆಗಸ್ಟ್‌ನಲ್ಲಿ ಕೇಳಿದರೆ ಫಲವಿದೆ. ಬಜೆಟ್ ತಯಾರಿಗೆ ಮುನ್ನ ಸಾರ್ವಜನಿಕರನ್ನು ಕರೆದು ನಡೆಸುವ ಪೂರ್ವಭಾವಿ ಸಭೆಗೂ ಹೋಗಬೇಕು. ಅಲ್ಲಿ ಹಾಜರಿ ಕಡಿಮೆ ಇರುವುದರಿಂದಲೇ ಹೋದವರ ಮಾತಿಗೆ ತೂಕ ಹೆಚ್ಚು. ಜಾತ್ರೆ, ಉತ್ಸವಗಳ ಊರಿನವರು ಇದನ್ನು ಇನ್ನೂ ಮುಂಚಿತವಾಗಿ ಯೋಚಿಸಬೇಕು: ಶಿರಸಿಯ ಮಾರಿಕಾಂಬಾ ಜಾತ್ರೆ, ಉಡುಪಿಯ ಪರ್ಯಾಯ ಉತ್ಸವ ಎರಡೂ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ವರ್ಷದ ಸ್ವಚ್ಛತೆ, ನೀರು, ದೀಪದ ಖರ್ಚನ್ನು ಹಿಂದಿನ ವರ್ಷದ ಲೆಕ್ಕ ನೋಡಿ ಅಂದಾಜಿಸಲಾಗದು.

ಈಗ ಸಭೆಯ ದಿನಕ್ಕೆ ಬರೋಣ. ನಿಮ್ಮ ವಿಷಯ ಬಂದಾಗ ಅಧ್ಯಕ್ಷರನ್ನು ಸಂಬೋಧಿಸಿ, ವಿಷಯ ಸಂಖ್ಯೆಯನ್ನು ಹೇಳಿ, ಎರಡು ನಿಮಿಷದಲ್ಲಿ ಮಾತು ಮುಗಿಸಬೇಕು. ಅಧಿಕಾರಿಯನ್ನು ಏಕವಚನದಲ್ಲಿ ಕರೆದು ಗದರಿಸಿದರೆ ಮರುದಿನದ ಪತ್ರಿಕೆಯಲ್ಲಿ ಹೆಸರು ಬಂದೀತು, ಕಡತ ಮಾತ್ರ ಮುಂದೆ ಸಾಗದು. ಮಾತಿಗಿಂತ ಮುಖ್ಯವಾಗಿ, ತೀರ್ಮಾನದ ವಾಕ್ಯವನ್ನು ನೀವೇ ಬರೆದು ತಂದು ಓದಿ ಹೇಳಿ, "ಇದೇ ರೀತಿ ದಾಖಲಿಸಬೇಕು" ಎಂದು ಕೋರಬೇಕು. ಹಳೆ ಮೈಸೂರು ಕಡೆ ತೀರ್ಮಾನವೆಂದೂ ಉತ್ತರ ಕರ್ನಾಟಕದ ಕಡೆ ಠರಾವೆಂದೂ ಕರೆಯುವ ಈ ವಾಕ್ಯದಲ್ಲಿ ನಾಲ್ಕು ಅಂಶ ಇರಲೇಬೇಕು: ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನಾಂಕದೊಳಗೆ, ಯಾವ ಲೆಕ್ಕ ಶೀರ್ಷಿಕೆಯಿಂದ. "ಸದರಿ ಚರಂಡಿ ಮತ್ತು ಮೋರಿ ಕಾಮಗಾರಿಗೆ ಕಿರಿಯ ಎಂಜಿನಿಯರ್‌ರವರು 15 ದಿನದೊಳಗೆ ಅಂದಾಜು ಪಟ್ಟಿ ಸಲ್ಲಿಸಲು, ವೆಚ್ಚವನ್ನು ಪುರಸಭೆ ನಿಧಿಯ ಚರಂಡಿ ಲೆಕ್ಕ ಶೀರ್ಷಿಕೆಯಡಿ ಭರಿಸಲು ತೀರ್ಮಾನಿಸಲಾಯಿತು" ಎಂಬ ವಾಕ್ಯಕ್ಕೂ "ಪರಿಶೀಲಿಸಲು ಸೂಚಿಸಲಾಯಿತು" ಎಂಬುದಕ್ಕೂ ಇರುವ ಅಂತರ ಒಂದು ಮಳೆಗಾಲದಷ್ಟು.

ಒಪ್ಪಿಗೆಯಿಲ್ಲದ ವಿಷಯಕ್ಕೆ ಸುಮ್ಮನೆ ಎದ್ದು ಹೊರಗೆ ನಡೆದರೆ ನಡವಳಿಯಲ್ಲಿ "ಸರ್ವಾನುಮತದಿಂದ" ಎಂದು ಬರೆಯಲು ದಾರಿ ಮಾಡಿಕೊಟ್ಟಂತೆ. ಕುಳಿತಲ್ಲಿಯೇ ವಿರೋಧವನ್ನು ಕಾರಣ ಸಹಿತ ಬರೆದುಕೊಟ್ಟು ದಾಖಲಿಸಲು ಕೇಳಬೇಕು. ನಿಮ್ಮದೋ ನಿಮ್ಮ ಮನೆಯವರದೋ ಹಿತಾಸಕ್ತಿ ಇರುವ ಗುತ್ತಿಗೆಯ ವಿಷಯ ಬಂದರೆ ಅದನ್ನು ಮೊದಲೇ ಸಭೆಗೆ ತಿಳಿಸಿ ದೂರ ಉಳಿಯಬೇಕು. ನಗರಸಭೆಯ ಗುತ್ತಿಗೆಯಲ್ಲಿ ಪಾಲು ಹೊಂದಿರುವುದು ಸದಸ್ಯತ್ವವನ್ನೇ ಕಳೆಯುವ ಅನರ್ಹತೆ.

ಇನ್ನೊಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮೀಸಲಾತಿಯಿಂದ ಸಭೆಗೆ ಬಂದ ಅನೇಕ ಅಕ್ಕತಂಗಿಯರ ಬದಲಿಗೆ ಗಂಡಂದಿರು ಕಚೇರಿಯಲ್ಲಿ ಕಡತ ನೋಡುವುದನ್ನು, ಕೆಲವೆಡೆ ಸಭಾಂಗಣದ ಬಾಗಿಲಲ್ಲೇ ನಿಂತು ಸೂಚನೆ ಕೊಡುವುದನ್ನು ನಾನು ಕಂಡಿದ್ದೇನೆ. ನೀರು ಯಾವ ಹೊತ್ತಿಗೆ ಬರುತ್ತದೆ, ಯಾವ ಬೀದಿಯ ದೀಪ ಎಂದಿನಿಂದ ಉರಿಯುತ್ತಿಲ್ಲ, ಅಂಗನವಾಡಿಯ ಮುಂದಿನ ಗುಂಡಿ ಎಷ್ಟು ಆಳ ಎಂಬುದು ಆ ಸದಸ್ಯೆಯರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಮೊದಲ ಮೂರು ಸಭೆಗಳಲ್ಲಿ ಬರೆದು ತಂದದ್ದನ್ನು ಓದಿದರೂ ಸಾಕು, ನಾಲ್ಕನೆಯ ಸಭೆಯ ಹೊತ್ತಿಗೆ ಮಾತು ತಾನಾಗಿ ಬರುತ್ತದೆ.

ಸಭೆ ಮುಗಿದ ಮೇಲೆ ನಡವಳಿಯ ಪ್ರತಿಯನ್ನು ಕೇಳಿ ಪಡೆದು ನಿಮ್ಮ ವಾಕ್ಯ ಇದ್ದಂತೆಯೇ ಇದೆಯೇ ಎಂದು ನೋಡಬೇಕು. ತೀರ್ಮಾನ ಆದ ಮಾತ್ರಕ್ಕೆ ಕೆಲಸ ಆರಂಭವಾಗುವುದಿಲ್ಲ. ಕಾನೂನಿಗೆ ವಿರುದ್ಧವೆಂದು ಕಂಡ ತೀರ್ಮಾನವನ್ನು ಪುರಸಭೆಗಳ ಅಧಿನಿಯಮದ 306ನೇ ಪ್ರಕರಣದಡಿ ಜಿಲ್ಲಾಧಿಕಾರಿ ಅಮಾನತಿನಲ್ಲಿಡಬಹುದು. ಅನುದಾನದ ಕಾಮಗಾರಿಯಾದರೆ ಕ್ರಿಯಾ ಯೋಜನೆ ಜಿಲ್ಲಾ ನಗರಾಭಿವೃದ್ಧಿ ಕೋಶದ ಮೂಲಕ ಜಿಲ್ಲಾಧಿಕಾರಿಯ ಅನುಮೋದನೆಗೆ ಹೋಗುತ್ತದೆ. ಅಲ್ಲಿಂದ ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ, ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಅಧಿನಿಯಮದಂತೆ ಟೆಂಡರ್, ಬಂದ ದರಕ್ಕೆ ಒಪ್ಪಿಗೆ, ಕರಾರು, ಕೊನೆಗೆ ಕೆಲಸ ಆರಂಭಿಸಲು ಗುತ್ತಿಗೆದಾರರಿಗೆ ಕೊಡುವ ಕಾರ್ಯಾದೇಶ. ಕಡತ ಸದ್ಯ ಈ ಮೆಟ್ಟಿಲುಗಳಲ್ಲಿ ಎಲ್ಲಿದೆ ಎಂಬುದನ್ನು ಹದಿನೈದು ದಿನಕ್ಕೊಮ್ಮೆ ವಿಚಾರಿಸಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಹಿಂದಿನ ತೀರ್ಮಾನಗಳ ಅನುಪಾಲನಾ ವರದಿಯನ್ನು (ಯಾವುದು ಎಷ್ಟು ಜಾರಿಯಾಯಿತು ಎಂಬ ವರದಿಯನ್ನು) ಕೇಳುವಾಗ ಆ ಪುಸ್ತಕ ಕೈಯಲ್ಲಿರಲಿ. ನನ್ನ ಚರಂಡಿಯ ಕಡತ ಅಂದಾಜು ಪಟ್ಟಿಯ ಹಂತದಲ್ಲೇ ಆರು ವಾರ ಮಲಗಿದ್ದು ಹೀಗೆಯೇ ತಿಳಿದದ್ದು. ಅಳತೆಯ ಒಂದು ಹಾಳೆ ಬೇರೆ ಕಡತದೊಳಗೆ ಸೇರಿಹೋಗಿತ್ತು.

ಸದಸ್ಯರಲ್ಲದವರಿಗೆ ಇದೇ ದಾರಿಯನ್ನು ಮಾಹಿತಿ ಹಕ್ಕು ಅಧಿನಿಯಮ ತೆರೆದಿದೆ. 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳನ್ನು ಮೀರದಂತಿರಬೇಕು. ಆದ್ದರಿಂದ "ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ" ಎಂದು ಕೇಳದೆ, ಇಂಥ ದಿನಾಂಕದ ಸಾಮಾನ್ಯ ಸಭೆಯ ನಡವಳಿ, ಇಂಥ ವಿಷಯ ಸಂಖ್ಯೆಯ ಕಚೇರಿ ಟಿಪ್ಪಣಿ, ಅದರ ಮೇಲಿನ ಕ್ರಮದ ವಿವರ ಎಂದು ಕೇಳಿದರೆ ತಿರಸ್ಕರಿಸಲು ನೆಪ ಸಿಗುವುದಿಲ್ಲ. ಸದಸ್ಯರ ಅವಧಿ ಮುಗಿದು ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಯಲ್ಲಿ ಊರು ಇರುವಾಗ ಈ ಅರ್ಜಿಗಳ ಅಗತ್ಯ ಇಮ್ಮಡಿಯಾಗುತ್ತದೆ, ಏಕೆಂದರೆ ಆಗ ಎದ್ದು ನಿಂತು ಕೇಳುವವರೇ ಸಭೆಯಲ್ಲಿ ಇರುವುದಿಲ್ಲ.

ಕಾರ್ಯಾದೇಶದ ಪ್ರತಿ ಸಿಕ್ಕ ಮೇಲೂ ಒಂದು ಕೆಲಸ ಉಳಿಯುತ್ತದೆ. ಕಾಮಗಾರಿ ನಡೆಯುವಾಗ ಅಂದಾಜು ಪಟ್ಟಿಯ ಪ್ರತಿಯನ್ನು ಹಿಡಿದು ಸ್ಥಳಕ್ಕೆ ಹೋಗಿ, ತಳದ ಕಾಂಕ್ರೀಟಿನ ದಪ್ಪವನ್ನು ಅದು ಮುಚ್ಚಿಹೋಗುವ ಮುನ್ನ ನೋಡಬೇಕು. ಅಂತಿಮ ಬಿಲ್ಲಿಗೆ ಮೊದಲು ಅಳತೆ ಪುಸ್ತಕದಲ್ಲಿ ಬರೆದ ಉದ್ದವನ್ನು ನಿಮ್ಮ ಟೇಪಿನ ಉದ್ದದೊಂದಿಗೆ ತಾಳೆ ನೋಡಬೇಕು; ನಮ್ಮಲ್ಲಿ 85 ಮೀಟರಿಗೆ ಆರು ಮೀಟರ್ ಕಡಿಮೆ ಕಟ್ಟಿದ್ದು ಆ ದಿನ ಗೊತ್ತಾಗಿ, ಉಳಿದ ಭಾಗವನ್ನು ಗುತ್ತಿಗೆದಾರರು ಅದೇ ವಾರ ಮುಗಿಸಿಕೊಟ್ಟರು. ಗುತ್ತಿಗೆದಾರರ ಭದ್ರತಾ ಠೇವಣಿಯನ್ನು ಕರಾರಿನಲ್ಲಿ ಬರೆದ ಹೊಣೆಗಾರಿಕೆಯ ಅವಧಿ ಮುಗಿಯುವ ಮುನ್ನ ಮರಳಿಸದಂತೆ ಪೌರಾಯುಕ್ತರಿಗೋ ಮುಖ್ಯಾಧಿಕಾರಿಗೋ ಪತ್ರ ಬರೆದಿಡಿ. ಆಮೇಲೆ ಮೊದಲ ಜೋರು ಮಳೆ ಬಿದ್ದ ರಾತ್ರಿ ಕೊಡೆ, ಟಾರ್ಚು ಹಿಡಿದು ಹೋಗಿ ಮೋರಿಯ ಬಾಯಿಯ ಬಳಿ ನಿಂತು ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿ. ಹಿಂದಕ್ಕೆ ತಿರುಗುತ್ತಿದ್ದರೆ ಮರುದಿನ ಬೆಳಿಗ್ಗೆಯೇ ಹೊಸ ಪತ್ರ, ಎರಡು ಪ್ರತಿ, ಟಪಾಲಿನ ಮೊಹರು.